ಬರೆದುಕೊಳ್ಳಲು ಬಂದವಳು

ಟ್ರೆಡ್‌ವೇ ಜಮೀನಿನ ಹಿಂದಿನ ರಸ್ತೆಗೆ ಮೋಟಾರು ಬಂತೆಂದರೆ ಟೆಂಪಿ ಗೇದರ್ ಮೊದಲು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಆ ರಸ್ತೆಗೆ ಬರುವವರಾದರೂ ಯಾರು? ಜಮೀನಿನ ಮೇಸ್ತ್ರಿ, ಇಲ್ಲವೇ ಪೊಲೀಸರ ಮುಖ್ಯಸ್ಥ ಷೆರಿಫ್, ಇಲ್ಲವೇ ಸತ್ತ ಮೇಲಿನ ಪೆಟ್ಟಿಗೆಯ ಖರ್ಚಿಗೆಂದು ಬದುಕಿರುವಾಗಲೇ ಚಿಲ್ಲರೆ ವಸೂಲಿ ಮಾಡುವ ವಿಮೆಯವನು. ಆದರೆ ಆ ದಿನ ಧೂಳಿನೊಳಗಿಂದ ಇಳಿದವಳು ಒಬ್ಬ ಬಿಳಿಯ ಹೆಂಗಸು. ತಲೆಗೆ ಟೋಪಿ, ಕಂಕುಳಲ್ಲಿ ಕಾಗದದ ಕಟ್ಟು. ನಡುವಯಸ್ಸು.

ಟೆಂಪಿ ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದಳು. ಏಳಲು ಹೋದಳು.

"ಕೂತ್ಕೋ ಟೆಂಪಿ ಆಂಟಿ, ಏಳ್ಬೇಡ," ಎಂದಳು ಹೆಂಗಸು. ಕಪ್ಪು ಹೆಂಗಸಿನ ಹೆಸರಿಗೆ ಮೊದಲು 'ಮಿಸೆಸ್' ಹಾಕಲು ಬಿಳಿಯರ ನಾಲಿಗೆ ಬಗ್ಗುತ್ತಿರಲಿಲ್ಲ. ಕೂದಲು ನೆರೆತವರೆಲ್ಲ ಅವರಿಗೆ ಆಂಟಿಯರೇ. "ನಾನು ಮಿಸೆಸ್ ಕಾರ್ಲಿಸ್. ಸರ್ಕಾರದ ಕಡೆಯಿಂದ ಬಂದಿದೀನಿ."

"ಸರ್ಕಾರಾನಾ ಅಮ್ಮಾವ್ರೇ?"

"ಹೂಂ. ಹಳೇ ಕಾಲದೋರ ಮಾತು ಬರ್ಕೊಂಡು ಪುಸ್ತಕ ಮಾಡ್ತಾರಂತೆ. ಗುಲಾಮಗಿರಿಯಲ್ಲಿ ಹುಟ್ಟಿದೋರು ಈಗ ಎಷ್ಟು ಜನ ಉಳಿದಿದ್ದಾರೆ ಹೇಳು? ಅವರು ಹೋದ್ರೆ ಕಥೇನೂ ಹೋಯ್ತು."

ಟೆಂಪಿ ಒಂದು ಕಾಯಿ ಬಿಡಿಸಿ ಕಾಳನ್ನು ತಟ್ಟೆಗೆ ಹಾಕಿದಳು. ಸರ್ಕಾರಕ್ಕೆ ಕಥೆ ಯಾಕೆ ಬೇಕು? ದೇಶಕ್ಕೆ ದೇಶವೇ ಹಸಿದು ಕೂತಿರುವಾಗ, ಬ್ಯಾಂಕುಗಳು ಬಾಗಿಲು ಮುಚ್ಚಿ, ಹತ್ತಿಗೆ ಬೆಲೆಯಿಲ್ಲದೆ ಹೊಲದಲ್ಲೇ ಉತ್ತು ಹಾಕಿಸಿದ ಈ ಕಾಲದಲ್ಲಿ, ಒಬ್ಬ ಮುದುಕಿಯ ಮಾತಿಗೆ ಸಂಬಳ ಕೊಟ್ಟು ಜನ ಕಳಿಸುತ್ತಾರೆಯೇ? ಯಾರು ದುಡಿಯಬಲ್ಲರು, ಯಾರ ಮನೆಗೆ ಎಷ್ಟು ಬರುತ್ತದೆ ಎಂದು ಮೂಸಿ ನೋಡಲು ಬಂದವಳೇ ಇರಬೇಕು. ಮೊಮ್ಮಗಳು ಆರ್ಲಿ ಪಟ್ಟಣದ ಸರ್ಕಾರಿ ಹೊಲಿಗೆ ಮನೆಯಲ್ಲಿ ಅಂಗಿ ಹೊಲಿಯುತ್ತಿದ್ದಳು. ಮನೆಗೆ ಹಿಟ್ಟು ಬರುತ್ತಿದ್ದದ್ದು ಅದರಿಂದಲೇ.

ಆಮೇಲೆ ಟೆಂಪಿ ಕಂಡದ್ದು ಹೆಂಗಸಿನ ಕೈ. ಉತ್ತರಕ್ಕೆ ಕಾಯುತ್ತ ಆಕೆ ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಹೀಗೆ ಕಿವಿ ಎಳೆಯುತ್ತಿದ್ದವನು ಹಳೆಯ ದಣಿ ಟ್ರೆಡ್‌ವೇ; ಮನುಷ್ಯರ ಬೆಲೆ ಲೆಕ್ಕ ಹಾಕುವಾಗ. ಅವನ ಮಗನೂ ಎಳೆಯುತ್ತಿದ್ದ. ಈಗ ಈ ಮನೆ, ಈ ಜಗಲಿ, ಸುತ್ತಲ ಹತ್ತಿ ಎಲ್ಲಕ್ಕೂ ಒಡೆಯನಾದ ಮೊಮ್ಮಗ ಹಾರ್ಲನ್ ಕೂಡ ಎಳೆಯುತ್ತಾನೆ. ಕಾರ್ಲಿಸ್ ಎಂಬುದು ಗಂಡನ ಹೆಸರು. ರಕ್ತ ಟ್ರೆಡ್‌ವೇಯದು.

"ನಿನ್ನ ದಣಿ ಹೇಗಿದ್ರು ಆಂಟಿ? ಚೆನ್ನಾಗಿ ನೋಡ್ಕೋತಿದ್ರಾ?"

"ದೇವರಂಥೋರು ಅಮ್ಮಾವ್ರೇ," ಎಂದಳು ಟೆಂಪಿ. "ಹೊಟ್ಟೆತುಂಬ ಊಟ. ಕ್ರಿಸ್‌ಮಸ್ಸಿಗೆ ಮಕ್ಕಳಿಗೆಲ್ಲ ಮಿಠಾಯಿ. ಅಂಥ ದಣಿ ಇನ್ನು ಹುಟ್ಟೋದಿಲ್ಲ."

ಹೆಂಗಸು ಬರೆದುಕೊಂಡಳು. ಟೆಂಪಿ ಹೇಳುತ್ತಲೇ ಹೋದಳು. ಹಾಡು, ಕುಣಿತ, ಬೆಣ್ಣೆ ಕಡೆಯುವುದು, ದಣಿಯ ಹೆಂಡತಿಯ ರೇಷ್ಮೆ ಲಂಗ. ನಾಲಿಗೆಯ ಮೇಲೆ ಇದು ಆಡುತ್ತಿದ್ದರೆ ಒಳಗೆ ಆಡುತ್ತಿದ್ದುದೇ ಬೇರೆ. ಯುದ್ಧದ ವರ್ಷ, ಗುಲಾಮರಿಗೆ ಬಿಡುಗಡೆ ಕೊಡುತ್ತಿದ್ದ ಉತ್ತರದ ಸೈನ್ಯ ನದಿ ದಾಟಿತೆಂದು ಸುದ್ದಿ ಬಂದ ಬೆಳಿಗ್ಗೆ, ಗುಲಾಮರು ಕೈತಪ್ಪಿ ಹೋಗದಿರಲೆಂದು ದಣಿ ಗಟ್ಟಿಮುಟ್ಟಾದವರನ್ನೆಲ್ಲ ಬಂಡಿಗಳ ಹಿಂದೆ ಟೆಕ್ಸಾಸಿಗೆ ಹೊರಡಿಸಿ, ತಾನೂ ಮನೆಯವರೊಡನೆ ಹೊರಟಿದ್ದ. ಅಕ್ಕ ಕ್ಲಾರ್ಸಿಗೆ ಆಗ ಹನ್ನೆರಡೋ ಹದಿಮೂರೋ. ದಣಿಯ ಪುಟ್ಟ ಮಗಳನ್ನು ಎತ್ತಿ ಆಡಿಸುವವಳು ಅವಳೇ ಆದ್ದರಿಂದ ಅವಳನ್ನು ಮೊದಲ ಬಂಡಿಗೆ ಹತ್ತಿಸಿದರು. ಜ್ವರ ಬಂದು ಮಲಗಿದ್ದ ಟೆಂಪಿ ಯಾವ ಕೆಲಸಕ್ಕೂ ಬಾರದವಳೆಂದು ಉಳಿದಳು. ಮನೆ ನೋಡಿಕೊಳ್ಳಲು ಬಿಟ್ಟಿದ್ದ ತಾಯಿ ಮೋರ್ನಿಂಗ್ ಬಂಡಿಯ ಹಿಂದೆ ಓಡಿ, ಮೇಸ್ತ್ರಿಯ ಚಾವಟಿ ತಿಂದು, ತುಟಿ ಸೀಳಿಸಿಕೊಂಡು ಹಿಂದಿರುಗಿದ್ದಳು. ಬಿಡುಗಡೆಯಾದ ಮೇಲೆ ಬಂಡಿಗಳು ವಾಪಸು ಬಂದವು. ಕ್ಲಾರ್ಸಿ ಬರಲಿಲ್ಲ. ಯಾರನ್ನು ಕೇಳಿದರೂ ಬೇರೆ ಬೇರೆ ಉತ್ತರ.

ಇದನ್ನು ಟ್ರೆಡ್‌ವೇ ಮೊಮ್ಮಗಳಿಗೆ ಹೇಳಲು ಟೆಂಪಿಗೆ ಹುಚ್ಚು ಹಿಡಿದಿರಲಿಲ್ಲ.

ಹೊರಡುವಾಗ ಟೆಂಪಿ ಮರ್ಯಾದೆಗೆಂದು ಒಂದು ಸುಟ್ಟ ಗೆಣಸು ಕೊಟ್ಟಳು. ಹೆಂಗಸು ಮೋಟಾರಿನವರೆಗೂ ತಡೆಯಲಿಲ್ಲ. ಮೆಟ್ಟಿಲ ಮೇಲೇ ನಿಂತು, ಸಿಪ್ಪೆಯನ್ನೂ ಬಿಡದೆ ತಿಂದಳು. ಕಾಲೆತ್ತಿ ಇಡುವಾಗ ಬೂಟಿನ ಅಡಿಯ ತೂತಿಗೆ ತುರುಕಿದ ರಟ್ಟು ಕಂಡಿತು. ಟೆಂಪಿಯ ಅನುಮಾನ ಇನ್ನಷ್ಟು ಕಗ್ಗಂಟಾಯಿತು.

ಸಂಜೆ ಪಕ್ಕದ ಮನೆಯ ಅಬ್ನರ್ ಬಂದ. ಚರ್ಚಿನ ಹಿರಿಯ, ಹಲ್ಲಿಲ್ಲದಿದ್ದರೂ ಕಚ್ಚುವ ಮಾತಿನವನು.

"ಏನಂತೆ ಟೆಂಪಕ್ಕ, ನಿನ್ನ ಕಥೆ ಕೇಳೋಕೆ ಪ್ರೆಸಿಡೆಂಟು ಜನ ಕಳಿಸಿದ್ದನಂತೆ?"

"ಹೂಂ ಕಣೋ. ಮುಂದಿನ ವಾರ ನಿನ್ನ ಹಲ್ಲು ಎಲ್ಲೋಯ್ತು ಅಂತ ಕೇಳೋಕೆ ಬರ್ತಾರೆ."

"ಸರ್ಕಾರದ್ದು ಏನನ್ನೂ ನಂಬಂಗಿಲ್ಲ. ಮೊನ್ನೆ ಪುಕ್ಕಟೆ ಅಂತ ದೊಡ್ಡ ದೊಡ್ಡ ಹಳದಿ ಹಣ್ಣು, ಚಕ್ಕೋತವಂತೆ, ಹಂಚಿದ್ರಲ್ಲ. ನನ್ನೋಳು ಬೆಳಗಿಂದ ಸಂಜೆ ತನಕ ಬೇಯ್ಸಿದ್ಳು. ಮೆತ್ತಗೂ ಆಗ್ಲಿಲ್ಲ, ಕಹೀನೂ ಹೋಗ್ಲಿಲ್ಲ. ಹಂದಿ ಮೂಸಿ ನೋಡಿ ನನ್ನ ಮುಖ ನೋಡ್ತು." ಆಮೇಲೆ ದನಿ ತಗ್ಗಿಸಿದ. "ದಣಿ ವಿಷಯ ಏನು ಹೇಳ್ದೆ?"

"ದೇವರಂಥೋನು ಅಂದೆ."

"ಒಳ್ಳೇದು ಮಾಡ್ದೆ. ದೇವರು ಕ್ಷಮಿಸ್ತಾನೆ. ಹಾರ್ಲನ್ ಟ್ರೆಡ್‌ವೇ ಕ್ಷಮಿಸಲ್ಲ."

ಆರ್ಲಿಗೆ ಮಾತ್ರ ಸಮಾಧಾನವಾಗಲಿಲ್ಲ. "ಅಜ್ಜೀ, ನಾನು ಹೊಲಿಗೆಗೆ ಹೋಗ್ತೀನಿ ಅಂತ ಹೇಳಿದ್ಯಾ?" ಎಂದು ಮತ್ತೆ ಮತ್ತೆ ಕೇಳಿದಳು. ಟೆಂಪಿ ಹೇಳಿರಲಿಲ್ಲ. ಆದರೆ ಜಗಲಿಯ ದಾರದಲ್ಲಿ ಆರ್ಲಿ ಹೊಲಿದ ನೀಲಿ ಅಂಗಿ ಒಣಗುತ್ತಿತ್ತು. ಕಣ್ಣಿದ್ದವರಿಗೆ ಅಷ್ಟು ಸಾಕು.

ಮುಂದಿನ ವಾರ ಆರ್ಲಿ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಹೊಲಿಗೆ ಮನೆಗೆ ಬೀಗ ಹಾಕಿದ್ದರು. ಹೊಲದಲ್ಲಿ ಹತ್ತಿ ಅರಳಿ ನಿಂತಿರುವಾಗ ನೆರಳಲ್ಲಿ ಕೂರಿಸಿ ಸಂಬಳ ಕೊಡುವುದಿಲ್ಲ, ಹೋಗಿ ಹತ್ತಿ ಬಿಡಿಸಿ ಎಂದಿದ್ದರಂತೆ. ಬಿಡಿಸಿದರೆ ಸಿಗುವುದು ಹೊಲಿಗೆಯ ಅರ್ಧವೂ ಅಲ್ಲ. ಅದೂ ಟ್ರೆಡ್‌ವೇ ಹೊಲದಲ್ಲಿ, ಟ್ರೆಡ್‌ವೇ ತಕ್ಕಡಿಯಲ್ಲಿ.

"ಆ ಹೆಂಗ್ಸು ಬಂದೋದ್ಳು, ಮಿಷನ್ನು ನಿಂತೋಯ್ತು," ಎಂದಳು ಆರ್ಲಿ. "ಇನ್ನೂ ಮಿಠಾಯಿ ಕಥೆ ಹೇಳು ಅವಳಿಗೆ."

ಟೆಂಪಿ, ಮೊಮ್ಮಗಳು ಹತ್ತಿ ಬಿಡಿಸುವ ಉದ್ದನೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋಗುವುದನ್ನು ನೋಡುತ್ತ ಕೂತಳು. ತಾನು ಒಂದೇ ಒಂದು ನಿಜ ಆಡಿರಲಿಲ್ಲ, ಆದರೂ ಹೀಗಾಯಿತು. ಸುಳ್ಳಿನಿಂದಲೂ ಮೈ ಉಳಿಯದಿದ್ದರೆ ಇನ್ನು ಏನು ದಾರಿ?

ಮಿಸೆಸ್ ಕಾರ್ಲಿಸ್ ಮತ್ತೆ ಬಂದಾಗ ಟೆಂಪಿ ಕುರ್ಚಿ ಕೊಡಲಿಲ್ಲ.

"ಅಮ್ಮಾವ್ರೇ, ನೀವು ಟ್ರೆಡ್‌ವೇಯವರು."

ಹೆಂಗಸಿನ ಕೈ ಕಿವಿಯ ಹತ್ತಿರ ಹೋಗಿ ನಿಂತಿತು.

"ಯಾರು ಹೇಳಿದ್ರು?"

"ನಿಮ್ಮ ಕಿವಿ ಹೇಳ್ತು. ಹಾರ್ಲನ್ ದಣಿಗೆ ಏನಾಗ್ಬೇಕು ನೀವು? ಹೊಲಿಗೆ ಮನೆ ಮುಚ್ಸೋಕೆ ಯಾರ್‍ಯಾರು ಅಲ್ಲಿಗೆ ಹೋಗ್ತಾರೆ ಅಂತ ನೋಡ್ಕೊಂಡು ಹೋಗೋಕೆ ಬಂದಿದ್ರಾ?"

ಹೀಗೆ ಬಿಳಿಯ ಹೆಂಗಸಿನ ಮುಖಕ್ಕೆ ಮಾತಾಡಿ ಟೆಂಪಿಗೆ ಅಭ್ಯಾಸವಿರಲಿಲ್ಲ. ಆದರೆ ಹೆಂಗಸು ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲೇ ಕುಸಿದು ಕೂತಳು.

"ನನ್ನಮ್ಮ ಟ್ರೆಡ್‌ವೇ. ಹಾರ್ಲನ್ ನಂಗೆ ಸೋದರಮಾವನ ಮಗ. ಮಾತಾಡಿ ವರ್ಷಗಳಾಯ್ತು. ನನ್ನ ಗಂಡ ಬ್ಯಾಂಕಲ್ಲಿದ್ದ. ಬ್ಯಾಂಕು ಮುಳುಗ್ತು, ಅವನು ಕ್ಯಾಲಿಫೋರ್ನಿಯಾಗೆ ಹೋಗ್ತೀನಿ ಅಂತ ಹೋದೋನು ಹೋದ. ಈ ಬರೆಯೋ ಕೆಲಸ ಸಿಗಬೇಕು ಅಂದ್ರೆ ಮೊದ್ಲು ಗತಿಯಿಲ್ಲದೋಳು ಅಂತ ಎಲ್ಲರೆದುರು ಸಾಲಲ್ಲಿ ನಿಂತು ಪ್ರಮಾಣ ಮಾಡ್ಬೇಕು. ಮಾಡ್ದೆ. ನನ್ನ ಮದುವೆ ಊಟ ಉಂಡೋರೆಲ್ಲ ನೋಡಿದ್ರು. ಈ ಮೋಟಾರೂ ನಂದಲ್ಲ, ಕಚೇರೀದು."

"ಹೊಲಿಗೆ ಮನೆ?"

"ಅದು ನನ್ನಿಂದಲ್ಲ. ಜಮೀನ್ದಾರರೆಲ್ಲ ಸೇರಿ ಕೂಲಿಗೆ ಜನ ಸಿಕ್ತಿಲ್ಲ ಅಂತ ಹೇಳಿ ಮುಚ್ಸಿದ್ರು. ನಿಮ್ಮೋರದ್ದು ಮಾತ್ರ. ಬಿಳಿಯೋರ ಹೊಲಿಗೆ ಮನೆ ತೆಗೆದೇ ಇದೆ."

ಕೊನೆಯ ಮಾತು ಕೇಳಿ ಟೆಂಪಿ ಮೊದಲ ಬಾರಿಗೆ ಆಕೆಯ ಮುಖವನ್ನು ನೆಟ್ಟಗೆ ನೋಡಿದಳು. ಸುಳ್ಳು ಹೇಳುವವಳಾಗಿದ್ದರೆ ಆ ಮಾತನ್ನು ನುಂಗಿಕೊಳ್ಳುತ್ತಿದ್ದಳು. ಪೂರ್ತಿ ನಂಬಿಕೆಯೇನೂ ಹುಟ್ಟಲಿಲ್ಲ. ಆದರೆ ಈವರೆಗೆ ಹೊಳೆಯದಿದ್ದ ಒಂದು ಯೋಚನೆ ಹೊಳೆಯಿತು.

"ಇಷ್ಟು ದಿನ ನೀವು ಕೇಳಿದ್ರಿ ಅಮ್ಮಾವ್ರೇ. ಈಗ ನಾನೊಂದು ಕೇಳ್ಲಾ?"

"ಕೇಳು."

"ಯುದ್ಧದ ವರ್ಷ ನಿಮ್ಮ ತಾತ ಟೆಕ್ಸಾಸಿಗೆ ಬಂಡಿ ಕಟ್ಟಿಸಿದ್ರು. ಅದರಲ್ಲಿ ನನ್ನಕ್ಕ ಕ್ಲಾರ್ಸಿ ಹೋದ್ಳು. ಮೋರ್ನಿಂಗಳ ಮಗಳು. ನಿಮ್ಮ ದೊಡ್ಡಮ್ಮ ಲುಕ್ರೀಷ ಅಮ್ಮಾವ್ರು ಮಗುವಾಗಿದ್ದಾಗ ಎತ್ತಿ ಆಡ್ಸೋಳು. ಹೋದೋಳು ಬರ್ಲಿಲ್ಲ. ಅವಳೇನಾದ್ಳು ಅಂತ ನಿಮ್ಮ ಮನೆಯೋರಿಗೆ ಗೊತ್ತಿರ್ಬೇಕು. ದೊಡ್ಡಮ್ಮ ಇನ್ನೂ ಇದ್ದಾರಲ್ಲ?"

ಮಿಸೆಸ್ ಕಾರ್ಲಿಸ್ ಏನೂ ಬರೆದುಕೊಳ್ಳಲಿಲ್ಲ. "ಕೇಳ್ತೀನಿ," ಎಂದಷ್ಟೇ ಹೇಳಿ ಎದ್ದಳು.

ಆರ್ಲಿ ಇದನ್ನು ತಿಳಿದು ಬೆಂಕಿಯಾದಳು. "ಹುತ್ತಕ್ಕೆ ಕೈ ಹಾಕಿದ್ಯಲ್ಲ ಅಜ್ಜೀ! ಹಾರ್ಲನ್ ಕಿವಿಗೆ ಬಿದ್ರೆ ಈ ಸೂರೂ ಇರಲ್ಲ."

"ಕೈ ಹಾಕಿ ಆಯ್ತು. ಕಚ್ಚುತ್ತೋ ಬಿಡುತ್ತೋ ನೋಡೋಣ."

ಹೆಂಗಸು ಮೂರನೆಯ ಸಲ ಬಂದಾಗ ಹತ್ತಿ ಮುಗಿಯುತ್ತ ಬಂದಿತ್ತು. ಮುಖದಲ್ಲಿ ನಗು ತಂದುಕೊಂಡಿದ್ದಳು.

"ಒಳ್ಳೇ ಸುದ್ದಿ ಆಂಟಿ. ದೊಡ್ಡಮ್ಮನಿಗೆ ನೆನಪಿದೆ. ನಿನ್ನ ಅಕ್ಕ ಟೆಕ್ಸಾಸಲ್ಲೇ ಉಳಿದ್ಳಂತೆ. ಒಳ್ಳೇ ಮನೆ ಸಿಕ್ತಂತೆ. ಮದುವೆ, ಮಕ್ಕಳು, ಎಲ್ಲ ಆಯ್ತಂತೆ. ಸುಖವಾಗಿದ್ಳಂತೆ."

ಆ ದನಿಯ ಏರಿಳಿತ ಟೆಂಪಿಗೆ ಚೆನ್ನಾಗಿ ಪರಿಚಯವಿತ್ತು. ಎದುರಿನವರ ಕಣ್ಣು ತಪ್ಪಿಸಿ, ಮಾತಿಗೆ ಮಾತು ಪೋಣಿಸಿ, ಎಲ್ಲೂ ಗಂಟು ಬೀಳದಂತೆ ನೇಯುವ ರೀತಿ.

"ಅಮ್ಮಾವ್ರೇ," ಎಂದಳು, "ನಾನು ನಿಮ್ಮ ತಾತ ದೇವರಂಥೋರು ಅಂತ ಹೇಳಿದ್ನಲ್ಲ, ಇದೂ ಹಂಗೇ ಇದೆ."

ಹೆಂಗಸಿನ ನಗು ಹಾಗೇ ಉಳಿದು, ಆಮೇಲೆ ಅದಕ್ಕೆ ಆಧಾರವೇ ಇಲ್ಲದಂತಾಗಿ ಕಳಚಿತು.

"ನಿನಗೆ ನೋವಾಗುತ್ತೆ ಅಂತ..."

"ನೋವಿಗೆ ನಾನು ಹೊಸಬಳಲ್ಲ. ಹೇಳಿ."

ಆಗ ಹೇಳಿದಳು. ದೊಡ್ಡಮ್ಮ ಲುಕ್ರೀಷ ಮೊದಲು ಬಾಯಿ ಬಿಡಲಿಲ್ಲ. ಆ ಮಾತೆತ್ತಬೇಡ ಎಂದು ಕೋಣೆಯಿಂದ ಹೊರಗೆ ಹಾಕಿದಳು. ಆಮೇಲೆ ತಾನೇ ಕರೆಸಿದಳು. ರೆಡ್ ನದಿ ದಾಟುವಾಗ ಪ್ರವಾಹ ಬಂದು ಹೇಸರಗತ್ತೆಗಳು ಕೊಚ್ಚಿಹೋದವಂತೆ. ದಡದಲ್ಲಿ ಪ್ರೂಯೆಟ್ ಎಂಬ ಉಪ್ಪಿನ ವ್ಯಾಪಾರಿ ಇದ್ದ. ತಾತ ಕ್ಲಾರ್ಸಿಯನ್ನು ಅವನಿಗೆ ಕೊಟ್ಟು ಎರಡು ಹೇಸರಗತ್ತೆ ತೆಗೆದುಕೊಂಡ. ಪುಟ್ಟ ಲುಕ್ರೀಷ ಕ್ಲಾರ್ಸಿ ಬೇಕೆಂದು ಹಟ ಹಿಡಿದು ಅತ್ತಳು. "ಬಂಡಿ ಎಳೆಯೋದು ಹೇಸರಗತ್ತೆ, ಆ ಹುಡುಗಿ ಎಳೆಯಲ್ಲ," ಎಂದು ತಾತ ಗದರಿದನಂತೆ. ಅಷ್ಟೇ. ಆಮೇಲಿನದು ಯಾರಿಗೂ ಗೊತ್ತಿಲ್ಲ.

ಟೆಂಪಿಗೆ ಅಳು ಬರಲಿಲ್ಲ. ಅಮ್ಮನಿಗೆ ಇದು ಗೊತ್ತಾಗದೆ ಹೋಯಿತಲ್ಲ ಎನ್ನಿಸಿತು. ಗೊತ್ತಾಗದೇ ಹೋದದ್ದೇ ಒಳ್ಳೆಯದಾಯಿತೇನೋ ಎಂದೂ ಅನ್ನಿಸಿತು.

"ಮೊದ್ಲು ಬರ್ಕೊಂಡಿದ್ದನ್ನ ಓದಿ," ಎಂದಳು ಕಡೆಗೆ. "ನಾನು ಏನು ಹೇಳಿದೀನಿ ಅಂತ ಕೇಳ್ಬೇಕು."

ಹೆಂಗಸು ಹಿಂಜರಿದಳು. ಆಮೇಲೆ ಓದಿದಳು: "ನಮ್ ದಣ್ಯೋರು ಬೋ ಒಳ್ಳೇವ್ರು ಸೋಮೀ, ಇಂಗೆ ವಟ್ಟೆ ತುಂಬಾ ಇಟ್ಟಾಕೋರು, ನಾವ್ ಕುಣ್ಕಂಡ್ ಕುಣ್ಕಂಡ್ ಗೇಯ್ತಿದ್ದೋ..."

"ಇದು ಯಾರು ಮಾತಾಡ್ತಿರೋದು?"

"ನೀನೇ."

"ನಾನು ಹಿಂಗೆ ಮಾತಾಡ್ತೀನಾ?"

ಮಿಸೆಸ್ ಕಾರ್ಲಿಸ್ ಕೆಂಪಾದಳು. "ರಾಜಧಾನಿ ಕಚೇರಿಯೋರು ಹೀಗೇ ಬೇಕು ಅಂತಾರೆ. ಓದೋರಿಗೆ ಮಜಾ ಇರುತ್ತೆ ಅಂತ."

"ನಾನು ಮಜಾ ಕೊಡೋಕೆ ಹುಟ್ಟಿದೋಳಲ್ಲ. ಅದನ್ನ ಹರೀರಿ. ಹೊಸದಾಗಿ ಹೇಳ್ತೀನಿ. ನಾನು ಆಡಿದ ಹಾಗೇ ಬರೀರಿ. ಮೇಲುಗಡೆ ಮಿಸೆಸ್ ಟೆಂಪಿ ಗೇದರ್ ಅಂತ ಹಾಕಿ."

ಹೆಂಗಸು ಹರಿದಳು. ಬರೆದಳು. ಆ ಮಧ್ಯಾಹ್ನ ಟೆಂಪಿ ತಾಯಿಯ ಹೆಸರು ಹೇಳಿದಳು, ಅಕ್ಕನ ಹೆಸರು ಹೇಳಿದಳು, ಸೀಳಿದ ತುಟಿ, ಬಂಡಿ, ನದಿ, ಪ್ರೂಯೆಟ್ ಎಲ್ಲ ಹೇಳಿದಳು. ದಣಿಯ ಹೆಸರು ಬರೆಯುವ ಕಡೆ ಪೆನ್ಸಿಲ್ ನಿಂತಿತು.

"ಟ್ರೆಡ್‌ವೇ ಅಂತ ಬರೀಲಾ?" ಎಂದಳು ಮಿಸೆಸ್ ಕಾರ್ಲಿಸ್. ಬರೆಯಲು ಆಕೆ ತಯಾರಿದ್ದಂತೆ ಕಂಡಿತು. ಅಥವಾ ತಯಾರಿಲ್ಲದೆ ಟೆಂಪಿಯ ಬಾಯಲ್ಲಿ ಬೇಡ ಎನ್ನಿಸಲು ಕೇಳಿದಳೋ.

ಟೆಂಪಿ ಆರ್ಲಿಯನ್ನು ನೆನೆದಳು, ತಲೆಯ ಮೇಲಿನ ಸೂರನ್ನು ನೆನೆದಳು. "ಬರೀ 'ದಣಿ' ಅನ್ನಿ. ಅವನ ಹೆಸರು ಉಳೀದಿದ್ರೂ ನಡೆಯುತ್ತೆ. ಅವಳದ್ದು ಉಳೀಲಿ."

ಚಳಿಗಾಲಕ್ಕೆ ಹೊಲ ಬರಿದಾದ ಮೇಲೆ ಹೊಲಿಗೆ ಮನೆ ತೆರೆಯಿತು. ಆರ್ಲಿ ಮತ್ತೆ ಮಿಷನ್ನಿಗೆ ಹೋದಳು. ಮಿಸೆಸ್ ಕಾರ್ಲಿಸ್ ಮತ್ತೆ ಬರಲಿಲ್ಲ. ಆಕೆಯ ಕೆಲಸ ಹೋಯಿತೆಂದು ಕೆಲವರು, ಮೆಂಫಿಸಿಗೆ ಹೋದಳೆಂದು ಕೆಲವರು ಅಂದರು. ಬರೆದದ್ದು ರಾಜಧಾನಿಗೆ ಹೋಯಿತೋ, ಹೋಗಿ ಅಲ್ಲಿ ಯಾರಾದರೂ ಮತ್ತೆ 'ಸೋಮೀ' ಸೇರಿಸಿದರೋ ಟೆಂಪಿಗೆ ತಿಳಿಯಲಿಲ್ಲ. ಕಾಗದವನ್ನು ನಂಬಿ ಅವಳು ಕೂರಲೂ ಇಲ್ಲ. ಅಬ್ನರನನ್ನು ಕರೆದು, ಟೆಕ್ಸಾಸಿನ ಸಭೆಗೆ ಹೋಗುವ ಚರ್ಚಿನವರ ಬಾಯಲ್ಲಿ ಹೇಳಿಸಿದಳು: ಮೋರ್ನಿಂಗಳ ಮಗಳು ಕ್ಲಾರ್ಸಿ, ಉಪ್ಪಿನ ಪ್ರೂಯೆಟ್ ಕೊಂಡದ್ದು, ಅವಳ ಪೈಕಿ ಯಾರಾದರೂ ಇದ್ದರೆ ತಂಗಿ ಇನ್ನೂ ಬದುಕಿದ್ದಾಳೆ.

ಪೀಚ್ ಮರ ಹೂ ಬಿಡುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ದಪ್ಪ ಮೈ, ರೈಲಿನ ಮಸಿ ಹಿಡಿದ ಕೋಟು. ಹೆಸರು ಲೋಟೀ. ತನ್ನ ಅಜ್ಜಿ ಕ್ಲಾರ್ಸಿ, ಪ್ರೂಯೆಟ್ಟರ ಉಪ್ಪುನೀರು ಕುದಿಸುವ ಕೊಪ್ಪರಿಗೆ ನೋಡಿಕೊಂಡವಳು ಎಂದಳು.

ಟೆಂಪಿ ಅವಳನ್ನು ಕಾಲಿಂದ ತಲೆವರೆಗೆ ನೋಡಿದಳು. ಮೂಗು ಅಮ್ಮನದಲ್ಲ. ಕಣ್ಣು ಯಾರದೂ ಅಲ್ಲ. ಕ್ಲಾರ್ಸಿ ಎಂಬ ಹೆಸರಿನವರು ಟೆಕ್ಸಾಸಿನಲ್ಲಿ ಎಷ್ಟು ಜನವೋ. ಉಪ್ಪು ಬೇಯಿಸಿದವರು ಎಷ್ಟೋ.

"ನಂಬ್ಬೇಡ ಅಜ್ಜೀ," ಎಂದು ಒಳಗೆ ಆರ್ಲಿ ಪಿಸುಗುಟ್ಟಿದಳು. "ಮುದುಕೀರಿಗೆ ಸರ್ಕಾರ ಪಿಂಚಣಿ ಕೊಡುತ್ತಂತಲ್ಲ. ಅದರ ವಾಸನೆ ಹಿಡಿದು ಬಂದಿರ್ಬೇಕು."

"ಇನ್ನೂ ಬರ್ದೇ ಇರೋ ಪಿಂಚಣಿಗೆ ರೈಲು ಚಾರ್ಜು ಕೊಟ್ಕೊಂಡು ಯಾರೇ ಬರ್ತಾರೆ?" ಎಂದ ಬಾಗಿಲಲ್ಲಿ ನಿಂತಿದ್ದ ಅಬ್ನರ್.

ಟೆಂಪಿ ಇಬ್ಬರನ್ನೂ ಸುಮ್ಮನಿರಿಸಿ ಹೊರಗೆ ಬಂದು ಕೂತಳು. ಮೆಕ್ಕೆಜೋಳದ ರೊಟ್ಟಿ, ಸೊಪ್ಪು ಮುಂದಿಟ್ಟಳು. ಬಂದವಳು ಹಸಿದಿದ್ದಳು, ಆದರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿಯೇ ಬಾಯಿಗಿಟ್ಟಳು.

"ನನ್ನಕ್ಕ ಹೆಂಗೆ ಸತ್ಲು?" ಎಂದು ಕೇಳಿದಳು ಟೆಂಪಿ. "ಚಂದ ಮಾಡಿ ಹೇಳ್ಬೇಡ."

ಲೋಟೀ ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು. "ಚಂದ ಏನೂ ಇಲ್ಲ ಅಜ್ಜೀ. ನಮ್ಮಜ್ಜಿ ಬಹಳ ಕೆಟ್ಟ ಬಾಯಿಯೋಳು. ಯಾರ ಹತ್ರಾನೂ ಹೊಂದ್ಲಿಲ್ಲ, ನಮ್ಮಮ್ಮನ್ನ ಸುಮ್‌ಸುಮ್ನೆ ಹೊಡೀತಿದ್ಳು. ಕೊನೆಗೆ ತಲೆ ಕೆಡ್ತು. ಬಂಡಿ ಶಬ್ದ ಕೇಳಿದ್ರೆ ಸಾಕು, ಮಂಚದ ಕೆಳಗೆ ಹೋಗಿ ಕೂರೋಳು. ಅಲ್ಲೇ ಸತ್ಲು. ಸಾಯೋವಾಗ ಹತ್ರ ಯಾರೂ ಇರ್ಲಿಲ್ಲ. ನಾವು ಹೊಲದಲ್ಲಿದ್ವಿ."

ಟೆಂಪಿ ಆ ಅಪರಿಚಿತ ಮುಖವನ್ನು ಮತ್ತೊಮ್ಮೆ ಹುಡುಕಿದಳು. ಗುರುತಿಗೆ ಸಿಗುವಂಥದ್ದು ಏನೂ ಸಿಗಲಿಲ್ಲ. ಇವಳು ತನ್ನವಳೇ ಎಂದು ಆಣೆ ಮಾಡಿ ಹೇಳಲು ಅವಳಿಗೆ ಆಗಲೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಆದರೆ ಸುಳ್ಳಾಗಿದ್ದರೆ ಅದು ಇಷ್ಟು ಕಹಿಯಾಗಿರುತ್ತಿರಲಿಲ್ಲ.

"ಆರ್ಲೀ," ಎಂದಳು, "ಒಳಗಿನ ಹಾಸಿಗೆ ಬಿಸಿಲಿಗೆ ಹಾಕೇ. ಇವಳು ಭಾನುವಾರದ ತನಕ ಇರ್ತಾಳೆ." ಆಮೇಲೆ ಕುರ್ಚಿಯನ್ನು ಲೋಟೀಯ ಹತ್ತಿರಕ್ಕೆ ಎಳೆದುಕೊಂಡು, "ಹೇಳು ಮಗಳೇ, ಮೊದಲಿಂದ ಹೇಳು. ಬೈಗುಳ ಏನೇನು ಬೈತಿದ್ಳು?" ಎಂದು ಕೇಳಿದಳು.